ಗೋಲ್ಡನ್ ಏಲ್‌ನಲ್ಲಿ ಬೆಣ್ಣೆಯ ವಾಸನೆ ಬಂದರೆ

ಪ್ರಶ್ನೆ: ನಾನು ಮಂಗಳೂರಿನವನು. ಇಷ್ಟು ವರ್ಷ ಕುಡಿದದ್ದು ಬಾಟಲಿ ಬಿಯರ್ ಮಾತ್ರ. ಈಚೆಗೆ ನಮ್ಮ ಊರಿನಲ್ಲೇ ಬಿಯರ್ ತಯಾರಿಸಿ ಅಲ್ಲೇ ಕೊಡುವ ಬ್ರೂವರಿಗೆ ಹೋಗತೊಡಗಿದ್ದೇನೆ. ಅವರ ಗೋಲ್ಡನ್ ಏಲ್ ಮೊದಲ ಸಲ ತುಂಬ ಹಿತವಾಗಿತ್ತು. ಬಿಸ್ಕತ್ತು, ಜೇನು ನೆನಪಾಗುವಂಥ ರುಚಿ. ಮುಂದಿನ ತಿಂಗಳು ಹೋದಾಗ ಅದೇ ಬಿಯರ್‌ನಲ್ಲಿ ಬೆಣ್ಣೆ ಹಾಕಿದ ಪಾಪ್‌ಕಾರ್ನ್‌ನ ವಾಸನೆ ಬಂತು. ಜೊತೆಗಿದ್ದ ಒಬ್ಬ ಗೆಳೆಯನಿಗೆ ಅದು ಗೊತ್ತೇ ಆಗಲಿಲ್ಲ. ಇನ್ನೊಬ್ಬ, "ಇದು ಬಾಟಲಿ ಬಿಯರ್‌ನ ಹಾಗೇ ಇದೆ, ಇದಕ್ಕೆ ಇಷ್ಟು ಹಣ ಯಾಕೆ? ಮಾವಿನ ಬಿಯರ್ ತರಿಸೋಣ" ಎಂದ. ಬೆಣ್ಣೆಯ ವಾಸನೆ ಇರಬೇಕಾದದ್ದೇ, ಅಥವಾ ದೋಷವೇ? ಗೋಲ್ಡನ್ ಏಲ್ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಸರಿಯಿಲ್ಲ ಅನ್ನಿಸಿದರೆ ಅಲ್ಲಿನವರಿಗೆ ಹೇಳಬಹುದೇ?

ಉತ್ತರ: ಅದು ದೋಷ. ನಿಮ್ಮ ಮೂಗು ಸರಿಯಾಗಿಯೇ ಹಿಡಿದಿದೆ. ಆ ವಾಸನೆಗೆ ಕಾರಣ ಡೈಅಸಿಟೈಲ್ ಎಂಬ ಸಂಯುಕ್ತ. ಚೆಕ್ ದೇಶದ ಕೆಲವು ಲಾಗರ್‌ಗಳಲ್ಲಿ (ತಣ್ಣಗೆ, ನಿಧಾನವಾಗಿ ಹುದುಗಿಸುವ ಬಿಯರ್), ಇಂಗ್ಲೆಂಡಿನ ಕೆಲವು ಹಳೆಯ ಬಗೆಯ ಏಲ್‌ಗಳಲ್ಲಿ (ಅದಕ್ಕಿಂತ ಬೆಚ್ಚಗೆ, ಬೇಗ ಹುದುಗಿಸುವ ಬಿಯರ್) ಅದರ ತೆಳುವಾದ ಛಾಯೆಯನ್ನು ಜನ ಒಪ್ಪಿಕೊಳ್ಳುತ್ತಾರೆ. ಗೋಲ್ಡನ್ ಏಲ್‌ನಲ್ಲಿ ಪಾಪ್‌ಕಾರ್ನ್ ನೆನಪಾಗುವಷ್ಟು ಇದ್ದರೆ ಒಪ್ಪುವಂತಿಲ್ಲ. ಅದು ಹೇಗೆ ಬರುತ್ತದೆ, ತಪ್ಪು ಎಲ್ಲಿ ಆಗಿದೆ ಎಂದು ಮೇಜಿನ ಬಳಿ ಕುಳಿತೇ ಹೇಗೆ ಊಹಿಸಬಹುದು ಎಂಬುದನ್ನು ಮುಂದೆ ವಿವರಿಸುತ್ತೇನೆ. ಅದಕ್ಕೂ ಮೊದಲು ನಿಮ್ಮ ಎರಡನೆಯ ಗೆಳೆಯರ ಮಾತಿಗೆ ಉತ್ತರ ಹೇಳಬೇಕು. ಆ ಮಾತನ್ನು ನಾನು ಬೆಂಗಳೂರಿನಲ್ಲೂ ಪದೇ ಪದೇ ಕೇಳುತ್ತಿರುತ್ತೇನೆ. ನನ್ನ ಅಭಿಪ್ರಾಯ ನೇರವಾಗಿ ಹೀಗಿದೆ: ಹೊಸ ಬ್ರೂವರಿಗೆ ಹೋದಾಗ ಮೊದಲು ತರಿಸಬೇಕಾದದ್ದು ಗೋಲ್ಡನ್ ಏಲ್. ಪಟ್ಟಿಯಲ್ಲಿ ಅದು ಬ್ಲಾಂಡ್ ಏಲ್ ಎಂಬ ಹೆಸರಿನಲ್ಲಿದ್ದರೂ ಆದೀತು. ಮದುವೆಯ ಅಡುಗೆಯವರ ಕೈಗುಣ ತಿಳಿಯಬೇಕಾದರೆ ಜಾಂಗೀರಿಗಿಂತ ಮೊದಲು ತಿಳಿಸಾರಿನ ರುಚಿ ನೋಡಬೇಕಲ್ಲ, ಹಾಗೆ.

ಕಾರಣ ಬಿಯರ್‌ನ ಒಳಗೇ ಇದೆ. ಸ್ಟೌಟ್ ಎಂಬ ಕಪ್ಪು ಬಿಯರ್‌ನಲ್ಲಿ ಕಪ್ಪಾಗುವಷ್ಟು ಹುರಿದ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಇರುತ್ತದೆ. ಕಾಫಿ, ಚಾಕೊಲೇಟ್ ನೆನಪಿಸುವ ಆ ರುಚಿಯ ಅಡಿಯಲ್ಲಿ ಸಣ್ಣಪುಟ್ಟ ತಪ್ಪುಗಳು ಅಡಗಿಬಿಡುತ್ತವೆ. ಐಪಿಎ ಎಂಬ ಕಹಿ ಏಲ್‌ನಲ್ಲಿ ಹಾಪ್ಸ್‌ನ (ಬಿಯರ್‌ಗೆ ಹಾಕುವ ಒಂದು ಬಳ್ಳಿಯ ಹೂವು) ಕಹಿ ಮತ್ತು ಹಣ್ಣಿನ ಘಮ ಅದೇ ಕೆಲಸ ಮಾಡುತ್ತವೆ. ಬಿಯರ್ ತಯಾರಿಸಿ ಅಲ್ಲೇ ಕೊಡುವ ನಮ್ಮ ಬ್ರೂಪಬ್‌ಗಳಲ್ಲಿ ಬಹಳ ಓಡುವ ಹೆಫೆವೈಟ್ಸನ್ ಎಂಬ ಗೋಧಿ ಬಿಯರ್‌ನಲ್ಲಿ ಯೀಸ್ಟ್ ತಾನೇ ಬಾಳೆಹಣ್ಣು, ಲವಂಗದ ವಾಸನೆ ತರುತ್ತದೆ. ಬಣ್ಣ ಮಬ್ಬಾಗಿದ್ದರೂ ಯಾರೂ ಕೇಳುವುದಿಲ್ಲ. ಗೋಲ್ಡನ್ ಏಲ್‌ಗೆ ಇಂಥ ಯಾವ ಮರೆಯೂ ಇಲ್ಲ. ತಿಳಿ ಬಣ್ಣದ ಮಾಲ್ಟ್, ಸ್ವಲ್ಪ ಹಾಪ್ಸ್, ತನ್ನ ಕೆಲಸ ಮುಗಿಸಿ ಸುಮ್ಮನಾಗುವ ಯೀಸ್ಟ್, ನೀರು. ಬಿಯರ್ ಸ್ಪರ್ಧೆಗಳ ತೀರ್ಪುಗಾರರು ಬಳಸುವ ಬಿಜೆಸಿಪಿ ಮಾರ್ಗಸೂಚಿಯಲ್ಲಿ ಬ್ಲಾಂಡ್ ಏಲ್‌ನ ಮದ್ಯಾಂಶ ಶೇ. 3.8ರಿಂದ 5.5, ಕಹಿಯನ್ನು ಅಳೆಯುವ ಐಬಿಯು ಮಾಪನದಲ್ಲಿ 15ರಿಂದ 28. ಅದೇ ಮಾರ್ಗಸೂಚಿಯಲ್ಲಿ ಅಮೆರಿಕನ್ ಐಪಿಎಗೆ 40ರಿಂದ 70 ಐಬಿಯು. ಇಷ್ಟು ಮೆದುವಾದ ಬಿಯರ್‌ನಲ್ಲಿ ತಯಾರಿಕೆಯ ಒಂದು ಹಂತ ತಪ್ಪಿದರೂ ನಾಲಿಗೆಗೆ ತಿಳಿಯುತ್ತದೆ. ಅದಕ್ಕೇ ನಿಮಗೆ ಬೆಣ್ಣೆ ಸಿಕ್ಕಿತು. ಅದೇ ತಪ್ಪು ಸ್ಟೌಟ್‌ನಲ್ಲಿ ಆಗಿದ್ದರೆ ಬಹುಶಃ "ಕ್ಯಾರಮೆಲ್ ಚೆನ್ನಾಗಿದೆ" ಎಂದು ಮೆಚ್ಚಿ ಕುಡಿದು ಬರುತ್ತಿದ್ದಿರಿ.

ಬಾಟಲಿ ಬಿಯರ್‌ನ ಹಾಗಿದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧಕ್ಕೆ ಚರಿತ್ರೆಯ ಬೆಂಬಲವೂ ಇದೆ. ಗೋಲ್ಡನ್ ಏಲ್ ರೂಪುಗೊಂಡದ್ದೇ ಲಾಗರ್ ಕುಡಿಯುವವರನ್ನು ಒಲಿಸಿಕೊಳ್ಳಲು. 1980ರ ದಶಕದಲ್ಲಿ ಇಂಗ್ಲೆಂಡಿನ ಯುವಜನರು ಬಿಟರ್ ಎಂಬ ಕಂದು ಬಣ್ಣದ ಏಲ್ ಬಿಟ್ಟು ತಣ್ಣನೆಯ ತಿಳಿ ಲಾಗರ್ ಕಡೆಗೆ ಹೊರಳಿದ್ದರು. ಆಗ ಸಾಮರ್‌ಸೆಟ್ ಸೀಮೆಯ ಸಣ್ಣ ಬ್ರೂವರಿಯೊಂದು 1986ರಲ್ಲಿ ಎಕ್ಸ್‌ಮೂರ್ ಗೋಲ್ಡ್ ಎಂಬ ಏಲ್ ತಂದಿತು. ಸಾಲ್ಸ್‌ಬರಿಯ ಹಾಪ್ ಬ್ಯಾಕ್ ಬ್ರೂವರಿಯ ಜಾನ್ ಗಿಲ್ಬರ್ಟ್ 1989ರಲ್ಲಿ ಸಮರ್ ಲೈಟ್ನಿಂಗ್ ತಯಾರಿಸಿದರು: ಒಣಹುಲ್ಲಿನ ಬಣ್ಣ, ಶೇ. 5 ಮದ್ಯಾಂಶ, ಬಾಯಿ ಒಣಗಿಸುವಂಥ ಚುರುಕಾದ ಮುಕ್ತಾಯ. ಅದು ಪಡೆದ ಜನಪ್ರಿಯತೆಯನ್ನು ಕಂಡು ಉಳಿದ ಬ್ರೂವರಿಗಳೂ ಹಿಂದೆ ಬಂದವು. ಅಲ್ಲಿನ ಬಿಯರ್ ಪ್ರಿಯರ ಸಂಘಟನೆ ಕ್ಯಾಮ್ರಾ ತನ್ನ ವಾರ್ಷಿಕ ಸ್ಪರ್ಧೆಯಲ್ಲಿ ಗೋಲ್ಡನ್ ಏಲ್‌ಗೆ 2005ರಲ್ಲಿ ಪ್ರತ್ಯೇಕ ವಿಭಾಗ ಮಾಡಿತು. ಅಮೆರಿಕದ ಬ್ರೂಪಬ್‌ಗಳು ಬ್ಲಾಂಡ್ ಏಲ್ ಮಾಡಿದ್ದೂ ಇದೇ ಉದ್ದೇಶದಿಂದ. ಜರ್ಮನಿಯ ಕೊಲೋನ್ ನಗರದ ಕೋಲ್ಶ್ ಇದೇ ಬಳಗದ ಹಿರಿಯ ನಂಟ. ಏಲ್ ಯೀಸ್ಟ್‌ನಿಂದ ಹುದುಗಿಸಿ, ಆಮೇಲೆ ಲಾಗರ್‌ನಂತೆ ತಣ್ಣಗೆ ಮಾಗಿಸಿ, 200 ಮಿಲಿಲೀಟರ್‌ನ ಸಣ್ಣ ನೀಳ ಲೋಟದಲ್ಲಿ ಕೊಡುತ್ತಾರೆ. ಬೆಲ್ಜಿಯಂನ ಡುವೆಲ್‌ನಂಥ ಬಿಯರ್ ಕೂಡ ಹೊಂಬಣ್ಣದ್ದೇ. ಆದರೆ ಅದರ ಮದ್ಯಾಂಶ ಶೇ. 8.5, ಅದರ ದಾರಿಯೇ ಬೇರೆ. ಬಣ್ಣ ನೋಡಿ ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ನಮ್ಮದೂ ಲಾಗರ್ ಕುಡಿಯುವ ನಾಡು. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. ನಿಮ್ಮ ಜಿಲ್ಲೆಯ ಬಂಟ್ವಾಳ ಮೂಲದ ಮನೆತನದ ವಿಠಲ ಮಲ್ಯ 1947ರಲ್ಲಿ ಅದರ ನಿರ್ದೇಶಕರಾದರು. 1978ರಲ್ಲಿ ಬಂದ ಕಿಂಗ್‌ಫಿಷರ್ ಲಾಗರ್ ನಮ್ಮ ಎರಡು ಮೂರು ತಲೆಮಾರುಗಳಿಗೆ ಬಿಯರ್‌ನ ರುಚಿ ಏನೆಂದು ಕಲಿಸಿತು. ಸಾಮಾನ್ಯ ಕಿಂಗ್‌ಫಿಷರ್ ಶೇ. 4.8ರದು. ಆದರೆ ದೇಶದಲ್ಲಿ ಮಾರಾಟವಾಗುವ ಬಿಯರ್‌ನಲ್ಲಿ ಬಹುಪಾಲು ಅದಕ್ಕಿಂತ ಹೆಚ್ಚು ಮದ್ಯಾಂಶದ ಸ್ಟ್ರಾಂಗ್ ಬಿಯರ್. ಹೀಗಾಗಿ ಎಷ್ಟು ಏರುತ್ತದೆ, ಎಷ್ಟು ತಣ್ಣಗಿದೆ ಎಂಬ ಎರಡೇ ಅಳತೆಗಳಿಂದ ಬಿಯರ್ ತೂಗುವ ಅಭ್ಯಾಸ ನಮ್ಮಲ್ಲಿ ಬೆಳೆಯಿತು. ಆ ಅಳತೆಯಲ್ಲಿ ಶೇ. 4.5ರ ಗೋಲ್ಡನ್ ಏಲ್ ಸೋಲುತ್ತದೆ. ಸೋಲುವುದು ಅಳತೆಯ ದೋಷ, ಬಿಯರ್‌ನದಲ್ಲ. ಪುಣೆಯಲ್ಲಿ 2009ರಲ್ಲಿ ಡೂಲಾಲಿ, ಬೆಂಗಳೂರಿನಲ್ಲಿ 2010–11ರ ಸುಮಾರಿಗೆ ಟಾಯಿಟ್ ಮತ್ತು ದಿ ಬಿಯರ್ ಕ್ಲಬ್, 2012ರಲ್ಲಿ ಆರ್ಬರ್ ಬ್ರೂಯಿಂಗ್ ಕಂಪನಿ ಎಂಬ ಬ್ರೂಪಬ್‌ಗಳು ಬಂದಾಗ ಅವೂ ಇದೇ ಲಾಗರ್ ಪ್ರಿಯರನ್ನು ಎದುರಿಸಬೇಕಿತ್ತು. ಟಾಯಿಟ್‌ನ ಬಾಸ್ಮತಿ ಬ್ಲಾಂಡ್ ನನಗೆ ಇಲ್ಲಿ ಒಳ್ಳೆಯ ಉದಾಹರಣೆಯಾಗಿ ಕಾಣುತ್ತದೆ. ಅದರಲ್ಲಿ ಬಾರ್ಲಿಯ ಜೊತೆಗೆ ಅಕ್ಕಿಯಿದೆ. ಅಕ್ಕಿ ಸಕ್ಕರೆ ಕೊಡುತ್ತದೆ, ಮೈಭಾರ ಕೊಡುವುದಿಲ್ಲ, ಆದ್ದರಿಂದ ಬಿಯರ್ ಹಗುರಾಗುತ್ತದೆ. ಬಾಟಲಿ ಲಾಗರ್‌ನ ಹಗುರತನಕ್ಕೆ ಒಗ್ಗಿದ ನಾಲಿಗೆಗೆ ಅದು ಅಪರಿಚಿತ ಅನ್ನಿಸುವುದಿಲ್ಲ. ಆದರೂ ಅದು ಏಲ್.

ಹಾಗಾದರೆ ಬಾಟಲಿಗೂ ಇದಕ್ಕೂ ಇರುವ ವ್ಯತ್ಯಾಸ ಎಲ್ಲಿ? ಮೊದಲನೆಯದು ಯೀಸ್ಟ್ ಮತ್ತು ತಾಪಮಾನ. ಲಾಗರ್ ಯೀಸ್ಟ್ 8ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಧಾನವಾಗಿ ಹುದುಗುತ್ತದೆ, ಆಮೇಲೆ ವಾರಗಟ್ಟಲೆ ತಣ್ಣಗೆ ಮಾಗುತ್ತದೆ. ಏಲ್ ಯೀಸ್ಟ್ 18–20 ಡಿಗ್ರಿಯಲ್ಲಿ ಬೇಗ ಕೆಲಸ ಮುಗಿಸುತ್ತದೆ, ಹೋಗುತ್ತಾ ಪೇರ್ ಹಣ್ಣು, ಸೇಬನ್ನು ಹೋಲುವ ತೆಳುವಾದ ಹಣ್ಣಿನ ವಾಸನೆ ಬಿಟ್ಟು ಹೋಗುತ್ತದೆ. ಎರಡನೆಯದು ತಾಜಾತನ, ನನಗೆ ಇದೇ ಮುಖ್ಯ. ಕಾರ್ಖಾನೆಯ ಬಾಟಲಿ ಪಾಶ್ಚರೀಕರಣಗೊಂಡು, ಗೋದಾಮು, ಲಾರಿ, ಅಂಗಡಿ ದಾಟಿ ನಿಮ್ಮ ಕೈಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರಬಹುದು. ನಮ್ಮ ಬೇಸಿಗೆಯಲ್ಲಿ ಆ ಪಯಣದ ಪ್ರತಿ ಬಿಸಿ ದಿನವೂ ಮಾಲ್ಟ್‌ನ ಸುವಾಸನೆಯನ್ನು ತಿನ್ನುತ್ತದೆ. ನಿಮ್ಮ ಊರಿನ ಬ್ರೂವರಿಯ ಟ್ಯಾಂಕಿನಿಂದ ನಿಮ್ಮ ಲೋಟಕ್ಕೆ ಇರುವುದು ಕೆಲವು ಮೀಟರ್ ಕೊಳವೆ. ನೀವು ಮೊದಲ ಸಲ ಕಂಡ ಬಿಸ್ಕತ್ತು, ಜೇನಿನ ಛಾಯೆ ತಾಜಾ ಮಾಲ್ಟ್‌ನದು. ಬಾಟಲಿಯಲ್ಲಿ ಅದು ಬಹುಮಟ್ಟಿಗೆ ಮಾಸಿಹೋಗಿರುತ್ತದೆ. ನೀವು ಹೆಚ್ಚು ಕೊಡುವ ಹಣ ಇದಕ್ಕೆ.

ಇನ್ನು ರುಚಿ ನೋಡುವ ಬಗೆ. ಮೊದಲ ತೊಡಕು ಅತಿ ತಂಪು. ಕರಾವಳಿಯ ಸೆಕೆಯಲ್ಲಿ ಮಂಜುಗಟ್ಟಿದ ಲೋಟ ಬಂದರೆ ಖುಷಿಯಾಗುವುದು ಸಹಜ. ಆದರೆ 2–3 ಡಿಗ್ರಿಯಲ್ಲಿ ಬಿಯರ್‌ನ ಸುವಾಸನೆ ಮೇಲೇಳುವುದೇ ಇಲ್ಲ, ನಾಲಿಗೆಯೂ ಮರಗಟ್ಟುತ್ತದೆ. ಒಳ್ಳೆಯದೂ ತಿಳಿಯುವುದಿಲ್ಲ, ದೋಷವೂ ತಿಳಿಯುವುದಿಲ್ಲ. ಫ್ರೀಜರ್‌ನಲ್ಲಿಟ್ಟ ಲೋಟ ಬೇಡ, ನೀರಿನಲ್ಲಿ ತೊಳೆದ ಸಾಮಾನ್ಯ ಲೋಟ ಕೊಡಿ ಎಂದು ಕೇಳಿ. ಗೋಲ್ಡನ್ ಏಲ್‌ಗೆ 7ರಿಂದ 10 ಡಿಗ್ರಿ ಹಿತ. ಮಂಗಳೂರಿನ ಹವೆಯಲ್ಲಿ ಅಲ್ಲಿಗೆ ತಲುಪಲು ಕೆಲವು ನಿಮಿಷ ಸಾಕು. ಹಾಗೆಯೇ ಜಗ್ ಅಥವಾ ಟವರ್ ತರಿಸಬೇಡಿ. ಅದರ ಕೊನೆಯ ಲೋಟ ಬಿಸಿಯಾಗಿ, ಗ್ಯಾಸ್ ಕಳೆದುಕೊಂಡು, ಬೇರೆ ಬಿಯರ್ ಆಗಿರುತ್ತದೆ. ಸಣ್ಣ ಲೋಟ ಸಾಕು. ಹೊಟ್ಟೆಯೂ ತಲೆಯೂ ಹಗುರವಾಗಿದ್ದರೇ ರುಚಿ ತಿಳಿಯುವುದು. ಅಂದು ವಾಹನ ಮನೆಯಲ್ಲೇ ಇರಲಿ.

ಲೋಟ ಬಂದ ತಕ್ಷಣ ನೊರೆ ನೋಡಿ. ಒಂದೆರಡು ಬೆರಳಿನಷ್ಟು ಬಿಳಿ ನೊರೆ ಇರಬೇಕು; ಕುಡಿಯುತ್ತಾ ಹೋದಂತೆ ಲೋಟದ ಒಳಮೈಗೆ ಬಲೆಯಂತೆ ಅಂಟಿಕೊಳ್ಳಬೇಕು. ನೊರೆ ಮೊದಲೇ ಕುಸಿದು, ಲೋಟದ ಗೋಡೆಗೆ ಗುಳ್ಳೆಗಳು ಗುಂಪಾಗಿ ಅಂಟಿದ್ದರೆ ಲೋಟದಲ್ಲಿ ಎಣ್ಣೆ ಅಥವಾ ಸಾಬೂನಿನ ಪಸೆ ಇದೆ ಎಂದು ಅರ್ಥ. ಕರಿದ ತಿಂಡಿಯ ಜಿಡ್ಡು ಹತ್ತಿದ ತುಟಿಯೂ ನೊರೆಯನ್ನು ಕೊಲ್ಲುತ್ತದೆ, ಆದ್ದರಿಂದ ಬ್ರೂವರಿಯನ್ನು ದೂರುವ ಮೊದಲು ಬಾಯಿ ಒರೆಸಿಕೊಳ್ಳಿ. ಬಣ್ಣ ಒಣಹುಲ್ಲಿನಿಂದ ಹೊಂಬಣ್ಣದವರೆಗೆ ಎಲ್ಲಿದ್ದರೂ ಸರಿ. ಬಿಯರ್ ತಿಳಿಯಾಗಿರಬೇಕು, ಆದರೆ ಸಣ್ಣ ಬ್ರೂವರಿಗಳು ಸೋಸುವ ಯಂತ್ರ ಬಳಸದಿರುವುದೂ ಉಂಟು, ತುಸು ಮಬ್ಬಿದ್ದರೆ ಗಾಬರಿ ಬೇಡ. ತಣ್ಣಗಿದ್ದಾಗ ಕಾಣುವ ಮಬ್ಬು ಬಿಯರ್ ಬೆಚ್ಚಗಾದಂತೆ ಕರಗಿದರೆ ಅದು ಮಾಲ್ಟ್‌ನ ಪ್ರೋಟೀನು ಹಾಗೂ ಪಾಲಿಫೆನಾಲ್‌ಗಳ ಜೋಡಿಯಿಂದಾದದ್ದು, ನಿರುಪದ್ರವಿ. ಕರಗದೆ ಉಳಿದು, ಜೊತೆಗೆ ಹುಳಿಯೂ ಬಂದರೆ ಆಗ ಅನುಮಾನಿಸಿ.

ಮೂಗಿನ ಕೆಲಸ ಆತುರದ್ದಲ್ಲ. ಒಮ್ಮೆ ದೀರ್ಘವಾಗಿ ಎಳೆಯುವುದಕ್ಕಿಂತ, ಲೋಟವನ್ನು ಮೆಲ್ಲಗೆ ಸುತ್ತಿಸಿ ಎರಡು ಮೂರು ಸಲ ಚಿಕ್ಕದಾಗಿ ಮೂಸಿ. ಮೊದಲ ಎರಡು ಉಸಿರಿನಲ್ಲಿ ಸಿಗುವ ವಾಸನೆಯೇ ನಿಜ. ಆಮೇಲೆ ಮೂಗು ಅದಕ್ಕೆ ಒಗ್ಗಿಬಿಡುತ್ತದೆ. ಗೋಲ್ಡನ್ ಏಲ್‌ನಲ್ಲಿ ಹುಡುಕಬೇಕಾದದ್ದು ಬ್ರೆಡ್ಡಿನ ಒಳಭಾಗ, ಗ್ಲೂಕೋಸ್ ಬಿಸ್ಕತ್ತು, ಸ್ವಲ್ಪ ಜೇನು. ಅದರ ಮೇಲೆ ಹಾಪ್ಸ್ ತರುವ ಹೂವು, ಹಸಿ ಹುಲ್ಲು, ನಿಂಬೆಸಿಪ್ಪೆ ಅಥವಾ ಕಿತ್ತಳೆಯ ಎಳೆ. ಬಳಸಿದ ಹಾಪ್ಸ್ ಇಂಗ್ಲೆಂಡಿನದೋ, ಜರ್ಮನಿಯದೋ, ಅಮೆರಿಕದ್ದೋ ಎಂಬುದರ ಮೇಲೆ ಈ ಎಳೆ ಬದಲಾಗುತ್ತದೆ. ಆಮೇಲೆ ಬಾಯಿ ತುಂಬುವಷ್ಟು ಗುಟುಕು ತೆಗೆದುಕೊಂಡು, ನಾಲಿಗೆಯ ಎಲ್ಲ ಕಡೆ ಹರಿಯಲು ಬಿಟ್ಟು ನುಂಗಿ, ಮೂಗಿನ ಮೂಲಕ ಉಸಿರು ಬಿಡಿ. ವೈನ್ ರುಚಿ ನೋಡುವವರು ಉಗುಳುತ್ತಾರೆ. ಬಿಯರ್ ನುಂಗಲೇಬೇಕು, ಏಕೆಂದರೆ ಹಾಪ್ಸ್‌ನ ಕಹಿ ತಡವಾಗಿ ಬಂದು ಗಂಟಲಿನ ಹತ್ತಿರ ನಿಲ್ಲುತ್ತದೆ. ಆ ಕಹಿ ಸಿಹಿಯನ್ನು ಒರೆಸಿ ಹಾಕುವಷ್ಟು ಇರಬೇಕು, ತಾನೇ ಉಳಿದುಕೊಳ್ಳುವಷ್ಟು ಇರಬಾರದು.

ಇಲ್ಲಿ ನಮ್ಮ ನಾಲಿಗೆಗೆ ಒಂದು ಅನುಕೂಲವಿದೆ. ಹಾಗಲಕಾಯಿ, ನೆಲ್ಲಿಕಾಯಿ, ಬಾಳೆಕಾಯಿ ತಿಂದು ಬೆಳೆದ ನಮಗೆ ಕಹಿ ಬೇರೆ, ಒಗರು ಬೇರೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಗೋಲ್ಡನ್ ಏಲ್‌ನಲ್ಲಿ ಕಹಿ ಇರಬೇಕು, ಒಗರು ಇರಬಾರದು. ಹೆಚ್ಚು ಹೊತ್ತು ಕುದಿಸಿದ ಚಹಾದ ಹಾಗೆ ಹಲ್ಲು, ಒಸಡು ಬಿಗಿಯುವಂತೆ ಅನ್ನಿಸಿದರೆ, ಮಾಲ್ಟ್‌ನಿಂದ ಸಿಹಿರಸ ಇಳಿಸುವಾಗ ಕೊನೆಯ ಹನಿಯವರೆಗೂ ನೀರು ಹೊಯ್ದು ಹೊಟ್ಟಿನ ಟ್ಯಾನಿನ್ ಕೂಡ ಇಳಿಸಿಕೊಂಡಿದ್ದಾರೆ ಎಂದು ಊಹಿಸಬಹುದು. ನೀರಿನ ಕ್ಷಾರಗುಣ ಹೆಚ್ಚಿದ್ದರೆ ಈ ತೊಂದರೆ ಇನ್ನಷ್ಟು. ಬೆಂಗಳೂರಿನ ಕೊಳವೆಬಾವಿಯ ಗಡಸು ನೀರಿಗೆ ಹೋಲಿಸಿದರೆ ನಿಮ್ಮ ಕಡೆಯ ಘಟ್ಟದ ನದಿಗಳ ನೀರು ಮೃದು. ತಿಳಿ ಬಣ್ಣದ ಬಿಯರ್‌ಗೆ ಅದು ಒಳ್ಳೆಯ ಆರಂಭ. ಹಾಗೆಂದು ಹೆಚ್ಚಿನವರು ನಲ್ಲಿಯ ನೀರನ್ನು ನೇರವಾಗಿ ಬಳಸುವುದಿಲ್ಲ. ಸಾಮಾನ್ಯವಾಗಿ ಆರ್‌ಒ ಮಾಡಿ ಬೇಕಾದಷ್ಟು ಕ್ಯಾಲ್ಸಿಯಂ ಲವಣ ಸೇರಿಸುತ್ತಾರೆ. ಜಿಪ್ಸಂ ಸೇರಿಸಿದರೆ ಕಹಿ ಚೂಪಾಗುತ್ತದೆ, ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿದರೆ ಮಾಲ್ಟ್ ದುಂಡಾಗುತ್ತದೆ.

ಈಗ ಬೆಣ್ಣೆಯ ವಿಷಯ. ಯೀಸ್ಟ್ ಸಕ್ಕರೆಯನ್ನು ಮದ್ಯವಾಗಿ ಮಾಡುವಾಗ ತನ್ನ ಬೆಳವಣಿಗೆಗೆ ಬೇಕಾದ ಅಮೈನೋ ಆಮ್ಲಗಳನ್ನೂ ತಯಾರಿಸಿಕೊಳ್ಳುತ್ತದೆ. ಆ ಕೆಲಸದ ನಡುವೆ ಆಲ್ಫಾ ಅಸಿಟೋಲ್ಯಾಕ್ಟೇಟ್ ಎಂಬ ಪದಾರ್ಥ ಸ್ವಲ್ಪ ಹೊರಗೆ ಸೋರುತ್ತದೆ. ಹೊರಗೆ ಬಂದದ್ದು ತಾನಾಗಿ ಡೈಅಸಿಟೈಲ್ ಆಗಿ ಬದಲಾಗುತ್ತದೆ. ಅಂದರೆ ಪ್ರತಿ ಬಿಯರ್‌ನಲ್ಲೂ ಒಂದು ಹಂತದಲ್ಲಿ ಬೆಣ್ಣೆಯ ವಾಸನೆ ಇದ್ದೇ ಇರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ, ಹುದುಗುವಿಕೆ ಮುಗಿಯುತ್ತಾ ಬಂದಾಗ ಅದೇ ಯೀಸ್ಟ್ ಡೈಅಸಿಟೈಲನ್ನು ಮತ್ತೆ ಒಳಗೆಳೆದುಕೊಂಡು, ವಾಸನೆಯಿಲ್ಲದ ಪದಾರ್ಥವಾಗಿ ಮಾಡುತ್ತದೆ. ಇದಕ್ಕೆ ಬೇಕಾದದ್ದು ಸ್ವಲ್ಪ ಬೆಚ್ಚಗಿನ ತಾಪಮಾನ ಮತ್ತು ಒಂದೆರಡು ಹೆಚ್ಚಿನ ದಿನ. ಬ್ರೂವರ್‌ಗಳು ಇದನ್ನು ಡೈಅಸಿಟೈಲ್ ರೆಸ್ಟ್ ಎನ್ನುತ್ತಾರೆ. ಈ ವಿರಾಮ ಕೊಡದೆ ಟ್ಯಾಂಕನ್ನು ಬೇಗ ತಣ್ಣಗಾಗಿಸಿದರೆ ಯೀಸ್ಟ್ ನಿದ್ದೆಗೆ ಜಾರುತ್ತದೆ, ಬೆಣ್ಣೆ ಅಲ್ಲೇ ಉಳಿಯುತ್ತದೆ. ಬಿಯರ್‌ನ ಒಂದು ಕೋಟಿ ಭಾಗಕ್ಕೆ ಒಂದು ಭಾಗದಷ್ಟು ಡೈಅಸಿಟೈಲ್ ಇದ್ದರೂ ಬಹಳ ಜನರ ಮೂಗಿಗೆ ತಿಳಿಯುತ್ತದೆ.

ಹೊಸದಾಗಿ ಬೆಳೆಯುತ್ತಿರುವ ಊರುಗಳಲ್ಲಿ ಇದು ಹೆಚ್ಚಾಗಿ ಕಾಣಲು ಕಾರಣ ಬಹುತೇಕ ಸಲ ಅಜ್ಞಾನವಲ್ಲ, ಅವಸರ. ಇರುವುದು ನಾಲ್ಕಾರು ಟ್ಯಾಂಕ್; ಶನಿವಾರ ಜನ ತುಂಬುತ್ತಾರೆ; ಓಡುವ ಬಿಯರ್ ಖಾಲಿಯಾಗಿದೆ; ಮಾಲೀಕರು ಅಡುಗೆಮನೆಯಿಂದ ಬ್ರೂಹೌಸ್‌ನವರೆಗೆ ನಾಲ್ಕು ಸಲ ಬಂದು ಹೋಗಿದ್ದಾರೆ. ಇನ್ನೆರಡು ದಿನ ಕಾಯೋಣ ಎಂದು ಹೇಳುವ ಧೈರ್ಯ ಬ್ರೂವರ್‌ಗೆ ಇರಬೇಕು, ಕೇಳುವ ತಾಳ್ಮೆ ಮಾಲೀಕರಿಗೆ ಇರಬೇಕು. ಆ ಎರಡು ದಿನಗಳ ವಿಷಯದಲ್ಲಿ ನನಗೆ ರಾಜಿಯಿಲ್ಲ. ಟ್ಯಾಂಕಿನ ಎದುರು ನಿಂತು "ಇವತ್ತು ಕೊಡುವುದಿಲ್ಲ" ಎನ್ನಬಲ್ಲ ಬ್ರೂವರ್ ಇರುವ ಊರಿನಲ್ಲೇ ಒಳ್ಳೆಯ ಬಿಯರ್ ಬೆಳೆಯುತ್ತದೆ.

ಆದರೆ ಬೆಣ್ಣೆಗೆ ಇನ್ನೊಂದು ಮೂಲವಿದೆ. ಟ್ಯಾಂಕಿನಿಂದ ನಲ್ಲಿಗೆ ಬರುವ ಕೊಳವೆಗಳನ್ನು ಕಾಲಕಾಲಕ್ಕೆ ತೊಳೆಯದಿದ್ದರೆ ಒಳಗೆ ಬ್ಯಾಕ್ಟೀರಿಯಾ ಪದರ ಕಟ್ಟುತ್ತದೆ. ಅವುಗಳಲ್ಲಿ ಪೀಡಿಯೊಕಾಕಸ್ ಎಂಬ ಜಾತಿ ಡೈಅಸಿಟೈಲನ್ನೂ ಹುಳಿಯನ್ನೂ ಒಟ್ಟಿಗೆ ಉತ್ಪಾದಿಸುತ್ತದೆ. ಬೆಣ್ಣೆಯ ಈ ಎರಡು ಮೂಲಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಕಷ್ಟವಲ್ಲ. ಬರೀ ಬೆಣ್ಣೆ, ಮಿಕ್ಕಂತೆ ಬಿಯರ್ ಶುದ್ಧವಾಗಿದೆ, ಉಳಿದ ನಲ್ಲಿಗಳ ಬಿಯರ್ ಸರಿಯಿದೆ ಎಂದಾದರೆ ತಪ್ಪು ಟ್ಯಾಂಕಿನಲ್ಲಿ, ಅಂದರೆ ಅವಸರದಲ್ಲಿ. ಬೆಣ್ಣೆಯ ಜೊತೆ ಹಳೆಯ ಮಜ್ಜಿಗೆಯ ಹುಳಿ ಇದ್ದು, ಬೇರೆ ಬಿಯರ್‌ಗಳಲ್ಲೂ ಅದರ ಸುಳಿವು ಸಿಕ್ಕರೆ ಕೊಳವೆಗಳನ್ನು ಅನುಮಾನಿಸಿ. ಪರೀಕ್ಷಿಸಬೇಕೆನಿಸಿದರೆ ಲೋಟದಲ್ಲಿ ಸ್ವಲ್ಪ ಬಿಯರ್ ಉಳಿಸಿ ಎರಡೂ ಅಂಗೈಗಳ ನಡುವೆ ಹಿಡಿದು ಬೆಚ್ಚಗಾಗಿಸಿ, ಮೇಲೆ ಕೈ ಮುಚ್ಚಿ, ಆಮೇಲೆ ಮೂಸಿ. ಬೆಚ್ಚಗಾದಷ್ಟೂ ಡೈಅಸಿಟೈಲ್ ಮೇಲೇಳುತ್ತದೆ. ಬ್ರೂವರ್‌ಗಳೂ ಬಿಯರ್‌ನ ಮಾದರಿಯನ್ನು ಬಿಸಿನೀರಿನಲ್ಲಿಟ್ಟು, ಬಿಸಿ ಮಾಡದ ಮಾದರಿಯ ಪಕ್ಕದಲ್ಲಿ ಮೂಸಿಯೇ ಟ್ಯಾಂಕ್ ಸಿದ್ಧವಾಗಿದೆಯೇ ಎಂದು ತಿಳಿಯುತ್ತಾರೆ.

ಗೆಳೆಯರಿಗೆ ಅದು ಗೊತ್ತಾಗಲಿಲ್ಲ ಎಂದಿರಿ. ಅವರನ್ನು ಅರಸಿಕರೆಂದು ತಳ್ಳಿಹಾಕಬೇಡಿ. ಡೈಅಸಿಟೈಲ್ ಹಿಡಿಯುವ ಶಕ್ತಿ ಒಬ್ಬೊಬ್ಬರಿಗೆ ಒಂದೊಂದು ಮಟ್ಟದಲ್ಲಿರುತ್ತದೆ, ಕೆಲವರಿಗೆ ಬಹಳ ಮಂದ. ತರಬೇತಿ ಪಡೆದ ತೀರ್ಪುಗಾರರಲ್ಲೂ ಇಂಥವರಿದ್ದಾರೆ. ಅದಕ್ಕೇ ಸ್ಪರ್ಧೆಗಳಲ್ಲಿ ಒಬ್ಬರ ಮೂಗನ್ನು ನಂಬುವುದಿಲ್ಲ. ಅವರಿಗೆ ಬೇರೊಂದು ದೋಷ ನಿಮಗಿಂತ ಮೊದಲು ತಿಳಿಯಬಹುದು. ಆ ಬೇರೆ ದೋಷಗಳನ್ನು ಇಲ್ಲಿ ಬೇಗ ಹೇಳಿ ಮುಗಿಸುತ್ತೇನೆ. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಅದು ಡಿಎಂಎಸ್ ಎಂಬ ಗಂಧಕದ ಸಂಯುಕ್ತದ್ದು. ರಸವನ್ನು ಸಾಕಷ್ಟು ಬಿರುಸಾಗಿ ಕುದಿಸಿಲ್ಲ ಅಥವಾ ಕುದಿಸಿದ್ದನ್ನು ಬೇಗ ತಣಿಸಿಲ್ಲ. ಹಸಿರು ಸೇಬನ್ನು ಕತ್ತರಿಸಿದ ಕಟುವಾಸನೆ ಅಸಿಟಾಲ್ಡಿಹೈಡ್‌ನದು, ಬಿಯರ್ ಇನ್ನೂ ಎಳಸು ಎಂಬುದರ ಗುರುತು. ಒದ್ದೆಯಾದ ರಟ್ಟಿನ ವಾಸನೆ ಆಮ್ಲಜನಕ ಸೇರಿ ಹಳತಾದ ಬಿಯರ್‌ನದು. ಟ್ಯಾಂಕಿನಿಂದ ನೇರವಾಗಿ ಕೊಡುವ ಕಡೆ ಇದು ಅಪರೂಪವಾಗಿರಬೇಕು. ಗಂಟಲು ಸುಡುವ ಸ್ಪಿರಿಟ್‌ನ ಬಿಸಿ ಅನ್ನಿಸಿದರೆ ಹುದುಗುವಾಗ ಟ್ಯಾಂಕ್ ಮಿತಿಮೀರಿ ಬಿಸಿಯಾಗಿದೆ. ತಂಪು ಮಾಡುವ ವ್ಯವಸ್ಥೆ ದುರ್ಬಲವಾಗಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಇದು ತಲೆದೋರುತ್ತದೆ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಮಂಗಳೂರಿನವರಿಗೆ ಹೇಳದೆ ಇರಲಾರೆ. ಗೋಲ್ಡನ್ ಏಲ್ ಕಾಣೆ ರವಾ ಫ್ರೈಗೆ ಹೇಳಿ ಮಾಡಿಸಿದ ಜೋಡಿ. ರವೆಯ ಗರಿಗರಿಗೆ ಮಾಲ್ಟ್‌ನ ಬಿಸ್ಕತ್ತು ಹೊಂದುತ್ತದೆ, ಎಣ್ಣೆಯನ್ನು ಗುಳ್ಳೆಗಳೂ ಕಹಿಯೂ ತೊಳೆಯುತ್ತವೆ. ನೀರುದೋಸೆ, ತೆಂಗಿನಕಾಯಿ ಹಾಕಿದ ಮರುವಾಯಿ ಸುಕ್ಕ ಇದ್ದರೂ ಒಳ್ಳೆಯದು. ಕಾಯಿತುರಿಯ ಸಿಹಿಯನ್ನು ಈ ಬಿಯರ್ ತುಳಿಯುವುದಿಲ್ಲ. ಕೋಳಿ ಘೀ ರೋಸ್ಟ್‌ನಂಥ ಖಾರದ ತಿನಿಸಿಗೆ ಬಿಯರ್ ತಂಪೆರೆಯುತ್ತದೆ ಎಂಬುದು ಅರೆನಿಜ. ಗ್ಯಾಸಿನ ಚುರುಕು, ಮದ್ಯ, ಕಹಿ ಮೂರೂ ಮೆಣಸಿನ ಉರಿಯನ್ನು ಹೆಚ್ಚಿಸುವಂಥವು; ಗೋಲ್ಡನ್ ಏಲ್‌ನಲ್ಲಿ ಮೂರೂ ಮಿತವಾಗಿರುವುದರಿಂದ ಐಪಿಎಗಿಂತ ವಾಸಿ, ಅಷ್ಟೇ. ಬಿಯರ್‌ನ ಗುಣ ತಿಳಿಯಬೇಕೆಂದಿರುವ ದಿನ ಮೊದಲ ಲೋಟ ಮುಗಿಯುವವರೆಗೆ ಮಸಾಲೆ ಶೇಂಗಾ ಸಹ ಬೇಡ. ನೀರು, ಉಪ್ಪಿಲ್ಲದ ಬಿಸ್ಕತ್ತು ಸಾಕು.

ಮಾವಿನ ಬಿಯರ್ ಕುರಿತು ನನಗೆ ವಿರೋಧವಿಲ್ಲ. ನಮ್ಮ ಹಣ್ಣು, ಬೆಲ್ಲ, ಕಾಫಿ ನಮ್ಮ ಬಿಯರ್‌ಗೆ ಬರಲೇಬೇಕು. ಪುನರ್ಪುಳಿಯನ್ನು ತಿಳಿಯಾದ ಏಲ್‌ಗೆ ಸೇರಿಸಿದ ಬಿಯರನ್ನು ನಿಮ್ಮ ಊರಿನವರು ಎಂದಾದರೂ ಮಾಡಲಿ ಎಂದು ಮನಸಾರೆ ಬಯಸುತ್ತೇನೆ. ಆ ಬಣ್ಣ, ಆ ಹುಳಿ ಅದಕ್ಕೆ ಒಪ್ಪುತ್ತವೆ. ಆದರೆ ಇಂಥ ಹಣ್ಣಿನ ಬಿಯರ್‌ಗಳ ತಳಪಾಯ ಹೆಚ್ಚಾಗಿ ಬ್ಲಾಂಡ್ ಅಥವಾ ಗೋಧಿ ಬಿಯರ್. ತಳದಲ್ಲಿ ಬೆಣ್ಣೆ ಇದ್ದರೆ ಮಾವು ಅದನ್ನು ತೆಗೆಯುವುದಿಲ್ಲ, ಮುಚ್ಚುತ್ತದೆ. ಮುಚ್ಚಿದ್ದು ಮಾರಾಟವಾಗುತ್ತಿದ್ದರೆ ತಳಪಾಯ ತಿದ್ದುವ ಅಗತ್ಯ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಗೆಳೆಯರಿಗೆ ಮಾವಿನ ಬಿಯರ್ ತರಿಸಿ ಕೊಡಿ, ನೀವು ಗೋಲ್ಡನ್ ಏಲ್ ಬಿಡಬೇಡಿ.

ಕೊನೆಯದಾಗಿ, ಹೇಳಬಹುದೇ ಎಂದು ಕೇಳಿದ್ದೀರಿ. ಹೇಳಲೇಬೇಕು. ಆದರೆ "ಕೆಟ್ಟಿದೆ" ಎನ್ನಬೇಡಿ, ಕಂಡದ್ದನ್ನು ಹೇಳಿ: "ಹೋದ ತಿಂಗಳು ಇದರಲ್ಲಿ ಬಿಸ್ಕತ್ತಿನ ರುಚಿ ಇತ್ತು, ಇವತ್ತು ಬೆಣ್ಣೆಯ ವಾಸನೆ ಬರುತ್ತಿದೆ. ಬ್ರೂವರ್ ಇದ್ದರೆ ಒಮ್ಮೆ ಮೂಸಿ ನೋಡಲು ಹೇಳುತ್ತೀರಾ?" ತಂದುಕೊಡುವ ಹುಡುಗರಿಗೆ ಇದರ ಉತ್ತರ ಗೊತ್ತಿರಬೇಕೆಂದು ನಿರೀಕ್ಷಿಸಬೇಡಿ, ಅವರ ಮೇಲೆ ರೇಗಲೂ ಬೇಡಿ, ಮಾತು ಬ್ರೂವರ್‌ಗೆ ತಲುಪಬೇಕು. ಮುಕ್ಕಾಲು ಲೋಟ ಕುಡಿದ ಮೇಲೆ ಹೇಳುವುದಕ್ಕಿಂತ ಎರಡು ಗುಟುಕಿಗೇ ಹೇಳುವುದು ನ್ಯಾಯ. ಬಿಯರ್ ಒಳಗೆ ಹೋಗಿ ಬ್ರೂವರ್ ಹೊರಗೆ ಬಂದರೆ, ಲೋಟ ಮೂಸಿ ನಿಮ್ಮೊಡನೆ ಮಾತಾಡಿದರೆ, ಅಂಥ ಜಾಗವನ್ನು ಬಿಡಬೇಡಿ. ಈ ಟ್ಯಾಂಕ್ ಯಾವಾಗ ಮುಗಿಯುತ್ತದೆ, ಮುಂದಿನದು ಯಾವ ದಿನ ತೆರೆಯುತ್ತದೆ ಎಂದು ಕೇಳಿಟ್ಟುಕೊಂಡು ಆ ವಾರ ಮತ್ತೆ ಹೋಗಿ. "ಇದು ಹೀಗೇ ಇರುವುದು ಸರ್" ಎಂಬ ಉತ್ತರ ಬಂದರೆ ಇನ್ನೊಂದು ತಿಂಗಳು ಬಿಟ್ಟು ಸಣ್ಣ ಲೋಟ ತರಿಸಿ ನೋಡಿ. ಆಗಲೂ ಬೆಣ್ಣೆ ಇದ್ದರೆ ಬೇರೆ ಬ್ರೂವರಿಗೆ ಹೋಗಿ, ಅಲ್ಲೂ ಮೊದಲು ಗೋಲ್ಡನ್ ಏಲನ್ನೇ ಕೇಳಿ.